ಮೂಲೆ ಮಡಚಿದ ರಾಣಿ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಕಟ್ಟಿತು ಅಂದರೆ ಡೆಸ್ಕಿನಿಂದ ನಮಗೆ ಒಂದೇ ಮೆಸೇಜ್ ಬರುತ್ತದೆ. ‘ಒಳ್ಳೆ ಜೋಡಿ ಎತ್ತಿನ ಫೋಟೊ ಕಳಿಸಿ, ರೇಟು ಹಾಕಿ.’ ಹತ್ತು ವರ್ಷದ ಮೇಲಾಯಿತು, ಅದನ್ನೇ ಕಳಿಸುತ್ತಿದ್ದೇವೆ. ಮೈ ತೊಳೆಸಿಕೊಂಡು, ಕೊಂಬಿಗೆ ಟೇಪು ಕಟ್ಟಿಸಿಕೊಂಡು, ಪೆಂಡಾಲಿನ ಕೆಳಗೆ ಮದುವೆ ಗಂಡುಗಳ ಥರ ನಿಂತ ಹಳ್ಳಿಕಾರ್ ಜೋಡಿಗಳು. ಪಕ್ಕದಲ್ಲಿ ಮೀಸೆ ತಿರುವಿದ ಯಜಮಾನರು. ಬೆಲೆ ಎಷ್ಟು, ಯಾವ ಕಡೆಯವರು ಕೊಂಡರು ಎಂದು ಬರೆದರೆ ನಮ್ಮ ಸುದ್ದಿ ಮುಗಿಯಿತು.

ಅದೇ ಜಾತ್ರೆಯ ಅಂಚಿನಲ್ಲಿ, ಕಡ್ಲೆಪುರಿ ಅಂಗಡಿಗಳ ಸಾಲು ಮುಗಿಯುವ ಕಡೆ, ಇನ್ನೊಂದು ವ್ಯಾಪಾರ ನಾವು ಚಿಕ್ಕವರಾಗಿದ್ದಾಗ ನಡೆಯುತ್ತಿತ್ತು. ಮೂರು ಎಲೆ, ಒಂದು ರಾಣಿ. ಇಲ್ಲದಿದ್ದರೆ ಮೂರು ಬಟ್ಟಲು, ಒಂದು ಗೋಲಿ. ‘ರಾಣಿ ಎಲ್ಲಿ? ತೋರ್ಸು, ಒಂದಕ್ಕೆ ಎರಡು ತಗೋ.’ ಈಗ ಕಡಿಮೆಯಾಗಿದೆ. ಪೂರಾ ಹೋಗಿಲ್ಲ. ಅದರ ಬಗ್ಗೆ ನಾವು ಇಷ್ಟು ವರ್ಷ ಒಂದು ಸಾಲೂ ಬರೆದಿರಲಿಲ್ಲ. ಕಾರಣ ಡೆಸ್ಕಿನವರಲ್ಲ, ನಮ್ಮ ಮನೆ. ಈ ಸಲ ಅಪ್ಪನೇ ‘ಬರಿ, ಹೆಸರು ಮಾತ್ರ ಹಾಕ್ಬೇಡ’ ಅಂದರು. ಅದಕ್ಕೇ ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು. ವರದಿಯಲ್ಲಿ ‘ನಾನು’ ಬರಬಾರದು ಎಂದು ಡಿಪ್ಲೊಮಾದಲ್ಲಿ ಹೇಳಿಕೊಟ್ಟರು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಇಲ್ಲಿ ‘ನಾವು’ ಎಂದರೆ ಈ ತಾಲ್ಲೂಕು ವರದಿಗಾರನೇ ಎಂದು ಓದಿಕೊಳ್ಳಿ. ಒಂದೆರಡು ಕಡೆ ಅಪ್ಪನೂ ಅದರಲ್ಲಿ ಸೇರಿದ್ದಾರೆ.

ಅಪ್ಪನ ಕಣ್ಣು

ನಮ್ಮ ಅಪ್ಪನ ಕಣ್ಣು ಊರಿಗೇ ಹೆಸರಾಗಿತ್ತು. ದನ ಕೊಳ್ಳುವವರು ಅವರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ತುಟಿ ಎತ್ತಿ ನೋಡಿ ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದೆಯೋ ಹೇಳುವುದು ದೊಡ್ಡದಲ್ಲ, ಅದು ಎಲ್ಲರಿಗೂ ಬರುತ್ತದೆ. ಅಪ್ಪ ಸುಳಿ ನೋಡುತ್ತಿದ್ದರು. ಬೆನ್ನ ಮೇಲೆ, ಹಣೆಯಲ್ಲಿ, ಕತ್ತಿನ ಕೆಳಗೆ ಕೂದಲು ಎಲ್ಲೆಲ್ಲಿ ಸುತ್ತಿಕೊಂಡಿದೆ ಎಂದು ಹತ್ತು ಹೆಜ್ಜೆ ದೂರದಿಂದಲೇ ಹೇಳುತ್ತಿದ್ದರು.

ಹಳ್ಳಿಕಾರ್ ಸಾಕಿದವರಿಗೆ ಗೊತ್ತು, ಜೋಡಿ ಎಂದರೆ ಎರಡು ಎತ್ತು ಅಲ್ಲ. ಬಣ್ಣ ಒಂದೇ, ಎತ್ತರ ಒಂದೇ, ಕೊಂಬಿನ ತಿರುವು ಒಂದೇ ಆಗಬೇಕು. ಒಂದನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಇನ್ನೊಂದು ಇರಬೇಕು. ಆಗಲೇ ಬೆಲೆ. 1990ರ ದಶಕದ ಕೊನೆಯಲ್ಲಿ ನಮ್ಮ ಮನೆಯಲ್ಲಿ ಅಂಥ ಒಂದು ಜೋಡಿ ಕರು ಇತ್ತು. ಬೀದಿಯವರಿಗೆ ಬಿಡಿ, ಮೇವು ಹಾಕುವ ಅಮ್ಮನಿಗೇ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ನಾವು ಆಗಾಗ ಅಪ್ಪನಿಗೆ ಪರೀಕ್ಷೆ ಇಡುತ್ತಿದ್ದೆವು. ಅವರು ಹಿತ್ತಲಿಗೆ ಹೋದಾಗ ಕರುಗಳ ಗೂಟ ಬದಲಾಯಿಸುತ್ತಿದ್ದೆವು. ಬಂದವರು ಒಂದು ಸಲ ನೋಡಿ, ‘ಬಲಗಡೆಯದನ್ನ ಎಡಕ್ಕೆ ಕಟ್ಟಿದ್ದೀಯಲ್ಲೋ’ ಅನ್ನುತ್ತಿದ್ದರು. ಒಂದರ ಕತ್ತಿನ ಕೆಳಗೆ ಸಣ್ಣದೊಂದು ಸುಳಿ ಹೆಚ್ಚಿತ್ತು. ಅಷ್ಟೇ ಗುರುತು.

ನಾವೂ ಅಪ್ಪನ ಥರ ಕಣ್ಣು ಪಳಗಿಸಬೇಕು ಎಂಬ ಆಸೆ ನಮಗೆ ಬಂದಿದ್ದು ಆಗಲೇ. ಅದಕ್ಕೆ ನಮಗೆ ಸಿಕ್ಕ ಇನ್ನೊಂದು ಶಾಲೆ ಸಿನಿಮಾ.

ಒಬ್ಬನೇ ಇಬ್ಬರಾದ ಕಥೆಗಳು

ಭಾನುವಾರ ಸಂಜೆ ಟೀವಿ ಇದ್ದ ಮನೆಯ ಪಡಸಾಲೆಯಲ್ಲಿ ಊರಿಗೆ ಊರೇ ಕೂರುತ್ತಿದ್ದ ಕಾಲ ಅದು. ರಾಜ್‌ಕುಮಾರ್ ಡಬಲ್ ಆ್ಯಕ್ಟ್ ಅಂದರೆ ಜಾಗ ಸಿಗುತ್ತಿರಲಿಲ್ಲ. 1975ರ ‘ದಾರಿ ತಪ್ಪಿದ ಮಗ’ದಲ್ಲಿ ಇಬ್ಬರು. 1977ರ ‘ಬಭ್ರುವಾಹನ’ದಲ್ಲಿ ಅರ್ಜುನನೂ ಅವರೇ, ಅವನ ಎದುರು ನಿಂತ ಮಗನೂ ಅವರೇ. 1978ರ ‘ಶಂಕರ್ ಗುರು’ವಿನಲ್ಲಿ ಅಪ್ಪ, ಇಬ್ಬರು ಮಕ್ಕಳು, ಮೂವರೂ ಅವರೇ. ಎನ್.ಎಸ್. ಶಂಕರ್ ಅವರ ‘ಉಲ್ಟಾ ಪಲ್ಟಾ’ 1997ರಲ್ಲಿ ಬಂತು. ಷೇಕ್ಸ್‌ಪಿಯರ್ ಬರೆದ ಅವಳಿಗಳ ನಾಟಕವನ್ನು ಅವರು ರಮೇಶ್ ಅರವಿಂದ್ ಅವರನ್ನು ಹಾಕಿಕೊಂಡು ಕನ್ನಡಕ್ಕೆ ತಂದಿದ್ದರು.

ಒಬ್ಬರೇ ನಟ ಪರದೆ ಮೇಲೆ ಪಕ್ಕಪಕ್ಕ ನಿಲ್ಲುವುದು ಹೇಗೆ ಎಂಬುದು ನಮಗೆ ಗೊತ್ತಾಗಿದ್ದು ಡಿಪ್ಲೊಮಾ ಓದುವಾಗ. ಹಳೆ ಕಾಲದಲ್ಲಿ ಕ್ಯಾಮೆರಾವನ್ನು ಅಲುಗದ ಹಾಗೆ ಬಿಗಿದು, ಅದರ ಕಣ್ಣಿನ ಅರ್ಧಕ್ಕೆ ಮರೆ ಹಾಕಿ, ಇನ್ನರ್ಧದಲ್ಲಿ ನಟನನ್ನು ಚಿತ್ರೀಕರಿಸುತ್ತಿದ್ದರು. ಆಮೇಲೆ ರೀಲನ್ನು ಹಿಂದಕ್ಕೆ ಸುತ್ತಿ, ಮರೆಯನ್ನು ಆ ಕಡೆಗೆ ಹಾಕಿ, ಅದೇ ನಟನಿಗೆ ಬೇರೆ ಬಟ್ಟೆ ತೊಡಿಸಿ, ಉಳಿದರ್ಧ ತುಂಬಿಸುತ್ತಿದ್ದರು. ನಡುವೆ ಬೀಳುವ ಗೆರೆ ಕಾಣದಂತೆ ಬಾಗಿಲ ಚೌಕಟ್ಟೋ, ಕಂಬವೋ, ಮರವೋ ಅಲ್ಲಿರುವ ಹಾಗೆ ನೋಡಿಕೊಳ್ಳುತ್ತಿದ್ದರು. ಅಲ್ಲೂ ಕೈಚಳಕವೇ. ಆದರೆ ಟಿಕೆಟ್ ಕೊಂಡವರಿಗೆ ಅದರಿಂದ ನಷ್ಟವಿಲ್ಲ.

ಇದು ಸಿನಿಮಾದವರು ಹೊಸದಾಗಿ ಕಂಡುಹಿಡಿದ ಆಟವೂ ಅಲ್ಲ. ಮಹಾಭಾರತದ ವನಪರ್ವದಲ್ಲಿ ನಳ ದಮಯಂತಿಯ ಕಥೆ ಬರುತ್ತದೆ. ಕನಕದಾಸರ ‘ನಳಚರಿತ್ರೆ’ಯಿಂದ ಅದು ಕನ್ನಡಿಗರಿಗೆ ಇನ್ನೂ ಹತ್ತಿರವಾಯಿತು. ದಮಯಂತಿ ಸ್ವಯಂವರದ ಮಂಟಪಕ್ಕೆ ಹಾರ ಹಿಡಿದು ಬಂದರೆ ಒಬ್ಬ ನಳನ ಬದಲು ಐವರು ನಳರು ಕೂತಿದ್ದಾರೆ. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪವನ್ನೇ ಹಾಕಿಕೊಂಡು ಬಂದಿದ್ದಾರೆ. ಐದು ಬಟ್ಟಲು, ಒಂದೇ ಗೋಲಿ. ಅವಳು ನೋಡುತ್ತಾಳೆ, ಗೊತ್ತಾಗುವುದಿಲ್ಲ. ಕೈ ಮುಗಿದು ದೇವತೆಗಳನ್ನೇ ಬೇಡಿಕೊಳ್ಳುತ್ತಾಳೆ. ಆಗ ಗುರುತು ಕಾಣುತ್ತದೆ. ನಾಲ್ವರ ಮೈ ಬೆವರಿಲ್ಲ, ರೆಪ್ಪೆ ಬಡಿಯುತ್ತಿಲ್ಲ, ಕೊರಳ ಹೂ ಬಾಡಿಲ್ಲ, ಕಾಲು ನೆಲಕ್ಕೆ ತಾಗಿಲ್ಲ. ಒಬ್ಬನಿಗೆ ಮಾತ್ರ ನೆರಳಿದೆ, ಧೂಳಿದೆ, ಬೆವರಿದೆ. ಅವನೇ ನಳ.

ಚಂದ್ರಹಾಸನ ಕಥೆಯೂ ಅಷ್ಟೆ. ಲಕ್ಷ್ಮೀಶನ ಜೈಮಿನಿ ಭಾರತ ಓದಿಸಿ ಕೇಳಿದ ಹಿರಿಯರಿಗೆ ಬಾಯಲ್ಲೇ ಇದೆ. ಹುಡುಗನಿಗೆ ವಿಷ ಕೊಡು ಎಂದು ದುಷ್ಟಬುದ್ಧಿ ಮಗನಿಗೆ ಓಲೆ ಬರೆಯುತ್ತಾನೆ. ಮಗಳು ವಿಷಯೆ ಒಂದು ಅಕ್ಷರ ತಿದ್ದುತ್ತಾಳೆ. ವಿಷದ ಜಾಗದಲ್ಲಿ ವಿಷಯೆ ಬಂದು, ಸಾಯಬೇಕಾದವನು ಅಳಿಯನಾಗುತ್ತಾನೆ. ಗೋಕುಲದಲ್ಲಿ ಮಗು ಅದಲುಬದಲಾಗಿದ್ದಕ್ಕೆ ಕೃಷ್ಣ ಉಳಿದ.

ನಾವು ಕೇಳಿ ಬೆಳೆದ ಕಥೆಗಳಲ್ಲಿ ಅದಲುಬದಲು ಎಂದರೆ ಒಳ್ಳೆಯವರು ಉಳಿಯುವ ದಾರಿ. ಇನ್ನೊಂದು ಪಾಠವೂ ಅವುಗಳಲ್ಲೇ ಇತ್ತು. ಎಷ್ಟೇ ಕಲಸಲಿ, ಅಸಲಿಗೆ ಒಂದು ಗುರುತು ಇದ್ದೇ ಇರುತ್ತದೆ. ಕೆನ್ನೆಯ ಮಚ್ಚೆ, ಕೊರಳ ತಾಯಿತ, ಚಿಕ್ಕಂದಿನಲ್ಲಿ ಅಮ್ಮ ಹೇಳಿಕೊಟ್ಟ ಹಾಡು, ಕರುವಿನ ಕತ್ತಿನ ಸುಳಿ. ಕಣ್ಣು ಚುರುಕಾಗಿದ್ದವನಿಗೆ ಅದು ಕಾಣುತ್ತದೆ.

ಈ ಪಾಠ ತಲೆಯಲ್ಲಿಟ್ಟುಕೊಂಡೇ ನಾವು ಆರನೇ ತರಗತಿಯಲ್ಲಿದ್ದಾಗ ಅಪ್ಪನ ಜೊತೆ ಘಾಟಿ ಜಾತ್ರೆಗೆ ಹೋದೆವು.

ರಟ್ಟಿನ ಡಬ್ಬದ ಮೇಲೆ

ಆ ಜೋಡಿ ಕರುಗಳನ್ನು ಮಾರಲು ಹೋಗಿದ್ದೆವು. ಮಾರಿದ ದುಡ್ಡಿಗೂ ಒಂದು ಲೆಕ್ಕ ಇತ್ತು. ಅಮ್ಮ ಆಗ ದೊಡ್ಡಬಳ್ಳಾಪುರದಲ್ಲಿ ಬೇರೆಯವರ ಮಗ್ಗದ ಮನೆಗೆ ಹೋಗಿ ಕಂಡಿಕೆ ಸುತ್ತುತ್ತಿದ್ದರು. ಒಂದು ಸೆಕೆಂಡ್ ಹ್ಯಾಂಡ್ ಪವರ್‌ಲೂಮ್ ನೋಡಿ ಇಟ್ಟಿದ್ದರು. ಅಡ್ವಾನ್ಸ್ ಕೊಟ್ಟರೆ ನಮ್ಮದೇ ಮಗ್ಗ ಆಗುತ್ತಿತ್ತು.

ವ್ಯಾಪಾರ ಆಗಿದ್ದು ಟವೆಲ್ ಕೆಳಗೆ. ನೋಡದವರಿಗೆ ಹೇಳುತ್ತೇವೆ. ಕೊಳ್ಳುವವರು, ಮಾರುವವರು ಕೈ ಕೈ ಹಿಡಿದು ಮೇಲೆ ಟವೆಲ್ ಮುಚ್ಚುತ್ತಾರೆ. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಬೆರಳು ಹಿಡಿದು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ತಲೆ ಅಲ್ಲಾಡಿಸುತ್ತಾರೆ, ಕೈ ಕೊಸರುತ್ತಾರೆ, ಮತ್ತೆ ಹಿಡಿಯುತ್ತಾರೆ. ಅಪ್ಪನ ವ್ಯಾಪಾರ 9,200 ರೂಪಾಯಿಗೆ ಮುಗಿಯಿತು. ಕರುಗಳು ಹಗ್ಗ ಬದಲಾಯಿಸಿಕೊಂಡು ಹೋದವು. ಅಪ್ಪ ಸ್ವಲ್ಪ ಹೊತ್ತು ಆ ಕಡೆಯೇ ನೋಡುತ್ತಿದ್ದರು.

ದೇವರ ದರ್ಶನ ಮಾಡಿಕೊಂಡು ಬಂದೆವು. ಘಾಟಿಯಲ್ಲಿ ಒಂದೇ ಕಲ್ಲಿನಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂದಿನ ನರಸಿಂಹ ನೇರ ಕಾಣುವುದಿಲ್ಲವೆಂದು ಗರ್ಭಗುಡಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ಅದರಲ್ಲಿ ನೋಡಿ ಕೈ ಮುಗಿಯುತ್ತೇವೆ. ನೇರ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ ಎಂಬುದು ಅಲ್ಲಿಗೆ ಹೋಗಿ ಬಂದ ಎಲ್ಲರಿಗೂ ಗೊತ್ತು. ಅವತ್ತು ನಮಗೆ ಅದು ತಲೆಗೆ ಹೋಗಲಿಲ್ಲ.

ಬತ್ತಾಸು ಕೊಳ್ಳಲು ಹೋಗುವಾಗ ಗುಂಪು ಕಂಡಿತು. ರಟ್ಟಿನ ಡಬ್ಬ ಬೋರಲು ಹಾಕಿ, ಮೇಲೆ ಮೂರು ಎಲೆ ಇಟ್ಟಿದ್ದ. ಎಲೆ ಅಂದರೆ ಇಸ್ಪೀಟು. ಪೊಲೀಸ್ ಪ್ರಕಟಣೆಯಲ್ಲಿ ವಾರಕ್ಕೊಮ್ಮೆ ಬರುವ ಅಂದರ್ ಬಾಹರ್ ಅಲ್ಲ ಇದು. ಅಲ್ಲಿ ಅದೃಷ್ಟದ ಮಾತಾದರೂ ಇದೆ. ಇಲ್ಲಿ ಅವನು ರಾಣಿಯನ್ನು ತೋರಿಸುತ್ತಾನೆ, ಬೋರಲು ಹಾಕುತ್ತಾನೆ, ಮೂರನ್ನೂ ಆಚೀಚೆ ಎಸೆಯುತ್ತಾನೆ. ರಾಣಿ ಎಲ್ಲಿದೆ ಹೇಳಿದರೆ ಇಟ್ಟದ್ದಕ್ಕೆ ಎರಡರಷ್ಟು.

ಅಪ್ಪ ಮೊದಲು ಸುಮ್ಮನೆ ನೋಡಿದರು. ಕನ್ನಡಕದವನೊಬ್ಬ ಸಾಲಾಗಿ ಗೆಲ್ಲುತ್ತಿದ್ದ. ನಮಗೂ ರಾಣಿ ಎಲ್ಲಿ ಬೀಳುತ್ತಿದೆ ಎಂದು ಸ್ಪಷ್ಟ ಕಾಣುತ್ತಿತ್ತು. ಅಪ್ಪ 100 ಇಟ್ಟರು, ಗೆದ್ದರು. ಮತ್ತೆ 100 ಇಟ್ಟರು, ಗೆದ್ದರು. ಆಮೇಲೆ 500 ಇಟ್ಟು ಸೋತರು. ‘ಕಣ್ಣು ತಪ್ತು’ ಅಂದರು.

ಅಷ್ಟರಲ್ಲಿ ಆಟದವನು ಕೆಮ್ಮು ಬಂದು ಹಿಂದಕ್ಕೆ ತಿರುಗಿ ಉಗಿದ. ಆ ಗಳಿಗೆಯಲ್ಲಿ ಕೆಂಪು ಸ್ವೆಟರಿನವನೊಬ್ಬ ಬಗ್ಗಿ, ರಾಣಿಯನ್ನು ಎತ್ತಿ ಎಲ್ಲರಿಗೂ ತೋರಿಸಿ, ಅದರ ಒಂದು ಮೂಲೆಯನ್ನು ಸಣ್ಣಗೆ ಮಡಚಿ ಮತ್ತೆ ಬೋರಲು ಹಾಕಿದ. ಅಪ್ಪನ ಕಡೆ ನೋಡಿ ಕಣ್ಣು ಹೊಡೆದ. ಆಟದವನು ತಿರುಗಿ ಎಲೆಗಳನ್ನು ಎತ್ತಿಕೊಂಡು ಎಸೆದ. ಮೂರರಲ್ಲಿ ಒಂದರ ಮೂಲೆ ಎದ್ದು ನಿಂತಿತ್ತು.

ಗುರುತು!

ನಾವು ಅಪ್ಪನ ಅಂಗಿ ಎಳೆದು ಕಿವಿಯಲ್ಲಿ ಹೇಳಿದೆವು. ‘ಅಪ್ಪ, ಎಡಗಡೆಯದು. ಮೂಲೆ ಮಡಚೈತೆ ನೋಡು.’

ಅಪ್ಪ ಜೇಬಿಗೆ ಕೈ ಹಾಕಿ 4,000 ರೂಪಾಯಿ ಇಟ್ಟರು. ಎಡಗಡೆಯ ಎಲೆ ತಿರುಗಿಸಿದರು. ಇಸ್ಪೀಟು ಏಳು.

‘ಪೊಲೀಸ್’ ಎಂದು ಯಾರೋ ಕೂಗಿದರು. ಎಲೆ, ಡಬ್ಬ, ದುಡ್ಡು, ಆಟದವನು, ಕನ್ನಡಕ, ಕೆಂಪು ಸ್ವೆಟರ್ ಎಲ್ಲ ಮಾಯ. ಪೊಲೀಸರು ಎಲ್ಲೂ ಇರಲಿಲ್ಲ. ಉಳಿದವನೊಬ್ಬ ಅಪ್ಪನ ಭುಜದ ಮೇಲೆ ಕೈ ಹಾಕಿ, ‘ಹೋಗ್ಲಿ ಬಿಡಣ್ಣ, ಗ್ರಹಚಾರ’ ಎಂದು ಸಮಾಧಾನ ಹೇಳಿದ. ಅವನೂ ಅವರ ಕಡೆಯವನೇ ಎಂದು ನಮಗೆ ತಿಳಿಯಲು ವರ್ಷಗಳೇ ಬೇಕಾದವು.

ಅಪ್ಪ ನಮಗೆ ಬತ್ತಾಸು ಕೊಡಿಸುವುದನ್ನು ಮರೆಯಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಕ್ಷೌರದಂಗಡಿಯಲ್ಲಿ ಹಳೇ ಬ್ಲೇಡು ಕೇಳಿ ಇಸಿದುಕೊಂಡು, ಗೋಡೆ ಹಿಂದೆ ಹೋಗಿ, ತಮ್ಮ ಅಂಗಿಯ ಜೇಬನ್ನು ತಾವೇ ಕೊಯ್ದುಕೊಂಡರು. ‘ಜೇಬುಗಳ್ಳರು ಹೊಡೆದರು ಅಂತ ಅಮ್ಮನ ಹತ್ರ ಹೇಳು’ ಅಂದರು. ನಾವು ಹೇಳಿದೆವು. ಅಮ್ಮ ಏನೂ ಕೇಳಲಿಲ್ಲ. ರಾತ್ರಿ ದೀಪದ ಕೆಳಗೆ ಕೂತು ಜೇಬು ಹೊಲಿದರು. ಮಗ್ಗ ಬರಲಿಲ್ಲ. ಇನ್ನೂ ಆರು ವರ್ಷ ಅಮ್ಮ ಬೇರೆಯವರ ಮನೆಯಲ್ಲೇ ಕಂಡಿಕೆ ಸುತ್ತಿದರು.

ಕೈ ಏನು ಮಾಡುತ್ತದೆ

ಆ ಎಲೆಯ ಗುಟ್ಟು ನಮಗೆ ಗೊತ್ತಾಗಿದ್ದು ತುಂಬ ತಡವಾಗಿ. ಆಟದವನು ಒಂದೇ ಕೈಯಲ್ಲಿ ಎರಡು ಎಲೆ ಹಿಡಿಯುತ್ತಾನೆ, ಒಂದರ ಮೇಲೊಂದು. ನೋಡುವವರಿಗೆ ಕೆಳಗಿನ ಎಲೆ ಬಿದ್ದ ಹಾಗೆ ಕಾಣುತ್ತದೆ. ಬೀಳುವುದು ಮೇಲಿನದು. ಅಲ್ಲಿಂದ ನೀವು ಎಷ್ಟೇ ಗಮನವಿಟ್ಟು ಹಿಂಬಾಲಿಸಿ, ತಪ್ಪು ಎಲೆಯನ್ನೇ ಹಿಂಬಾಲಿಸುತ್ತೀರಿ. ಮೂಲೆ ಮಡಚಿದ ವಿಷಯವೂ ಅಷ್ಟೆ. ಎಲೆಗಳನ್ನು ಎತ್ತಿಕೊಳ್ಳುವಾಗ ಅವನ ಬೆರಳು ರಾಣಿಯ ಮೂಲೆಯನ್ನು ನೆಟ್ಟಗೆ ಮಾಡಿ, ಇನ್ನೊಂದು ಎಲೆಯ ಮೂಲೆಯನ್ನು ಮಡಚುತ್ತದೆ. ಕೆಮ್ಮು, ಉಗುಳು, ಕೆಂಪು ಸ್ವೆಟರ್ ಎಲ್ಲ ಒಂದೇ ನಾಟಕದ ಪಾತ್ರಗಳು.

ಬಟ್ಟಲಿನ ಆಟ ಇನ್ನೂ ನೇರ. ಗೋಲಿ ಸಾಮಾನ್ಯವಾಗಿ ಸ್ಪಂಜಿನಂಥ ಮೆತ್ತನೆ ವಸ್ತುವಿನದು. ಬಟ್ಟಲನ್ನು ಮುಂದಕ್ಕೆ ತಳ್ಳುವಾಗ ಅದು ಹಿಂದಿನ ಅಂಚಿನಿಂದ ಹೊರಬಂದು ಬೆರಳ ಸಂದಿಗೆ ಸೇರುತ್ತದೆ. ನೀವು ಬೆರಳು ತೋರಿಸುವ ಹೊತ್ತಿಗೆ ಅದು ಯಾವ ಬಟ್ಟಲಿನ ಕೆಳಗೂ ಇರುವುದಿಲ್ಲ. ಮೂರರಲ್ಲಿ ಒಂದು ಅವಕಾಶ ಇದೆ ಅಂದುಕೊಳ್ಳುತ್ತೀರಿ, ಇರುವುದು ಸೊನ್ನೆ. ಆಮೇಲೆ ಅವನು ಬೇರೆ ಬಟ್ಟಲು ಎತ್ತುವಾಗ ಬೆರಳ ಸಂದಿಯಿಂದ ಗೋಲಿಯನ್ನು ಅಲ್ಲಿಗೆ ಬಿಡುತ್ತಾನೆ.

ಇದು ನಮ್ಮ ಕಡೆಯದೇ ಆಟ ಎಂದು ಬೇಜಾರಾಗುವುದು ಬೇಡ. ಸುಮಾರು 2,000 ವರ್ಷದ ಹಿಂದೆ ರೋಮಿನ ಸೆನೆಕಾ ಎಂಬ ಪಂಡಿತ ತನ್ನ ಪತ್ರವೊಂದರಲ್ಲಿ ಬಟ್ಟಲು ಮತ್ತು ಹರಳಿನ ಆಟವನ್ನು ನೆನೆದಿದ್ದಾನೆ. ಅಲ್ಲಿ ಮೋಸವೇ ಖುಷಿ ಕೊಡುತ್ತದೆ, ಗುಟ್ಟು ತಿಳಿದರೆ ಖುಷಿ ಹೋಗುತ್ತದೆ ಎಂಬುದು ಅವನ ಮಾತಿನ ಅರ್ಥ. ಸುಮಾರು 500 ವರ್ಷದ ಹಿಂದಿನ ಒಂದು ಯುರೋಪಿನ ಚಿತ್ರವಿದೆ. ಹಿರೋನಿಮಸ್ ಬಾಷ್ ಎಂಬ ಚಿತ್ರಗಾರನ ಹೆಸರಿನಲ್ಲಿ ಅದನ್ನು ಕರೆಯುತ್ತಾರೆ. ಮೇಜಿನ ಮೇಲೆ ಬಟ್ಟಲು, ಅದರ ಹಿಂದೆ ಗಾರುಡಿಗ. ಎದುರಿಗೆ ಒಬ್ಬ ಬಗ್ಗಿ ಬಾಯಿಬಿಟ್ಟು ನೋಡುತ್ತಿದ್ದಾನೆ. ಅವನ ಬೆನ್ನ ಹಿಂದೆ ನಿಂತವನು ಆಕಾಶ ನೋಡುತ್ತ ಇವನ ದುಡ್ಡಿನ ಚೀಲ ಬಿಚ್ಚುತ್ತಿದ್ದಾನೆ. ಮೊಬೈಲಿನಲ್ಲಿ ಮೊದಲ ಸಲ ಆ ಚಿತ್ರ ನೋಡಿದಾಗ ನಮಗೆ ಘಾಟಿಯ ರಟ್ಟಿನ ಡಬ್ಬವೇ ಕಂಡಿತು.

ಗುಟ್ಟು ತಿಳಿದರೆ ಬಚಾವು ಎಂಬುದೂ ಪೂರ್ತಿ ನಿಜವಲ್ಲ. ಅಮೆರಿಕದ ಪೆನ್ ಮತ್ತು ಟೆಲ್ಲರ್ ಎಂಬ ಜಾದೂಗಾರರು ಈ ಆಟವನ್ನು ಪಾರದರ್ಶಕ ಲೋಟಗಳಲ್ಲೇ ಮಾಡಿ ತೋರಿಸುತ್ತಾರೆ. ಒಳಗಿನ ಚೆಂಡು ಕಾಣುತ್ತಲೇ ಇರುತ್ತದೆ, ಕಣ್ಣು ಮಾತ್ರ ಕೈಯ ವೇಗಕ್ಕೆ ಸಿಗುವುದಿಲ್ಲ. ಕನ್ನಡದಲ್ಲಿ ಇದಕ್ಕೆ ‘ಕಣ್ಕಟ್ಟು’ ಎಂಬ ಮಾತಿದೆ. ಕಣ್ಣು ತೆರೆದೇ ಇರುತ್ತದೆ, ಆದರೆ ಕಟ್ಟಿಹಾಕಿರುತ್ತಾರೆ.

ಗಾರುಡಿಗರನ್ನೂ ಮೋಸಗಾರರನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಊರ ಮುಂದೆ ತಮಟೆ ಬಡಿದು ಬಟ್ಟಲಾಟ ತೋರಿಸಿ ಒಂದು ಸೇರು ರಾಗಿ ಕೇಳುವವರು, ಮಂಗಳೂರಿನ ಕುದ್ರೋಳಿ ಗಣೇಶ್ ಅವರ ಹಾಗೆ ವೇದಿಕೆ ಏರುವ ಜಾದೂಗಾರರು, ‘ನಿಮ್ಮ ಕಣ್ಣಿಗೆ ಮೋಸ ಮಾಡುತ್ತೇವೆ’ ಎಂದು ಹೇಳಿಯೇ ಮಾಡುತ್ತಾರೆ. ರಟ್ಟಿನ ಡಬ್ಬದವನು ‘ನಿನ್ನ ಕಣ್ಣು ಚುರುಕು’ ಎಂದು ಹೊಗಳಿ ಮಾಡುತ್ತಾನೆ.

ದೂರು ಇಲ್ಲ, ಸುದ್ದಿ ಇಲ್ಲ

ವರದಿಗಾರರಾದ ಮೇಲೆ ಈ ವಿಷಯ ಬರೆಯಬಹುದಿತ್ತು. ಹೊಸಕೋಟೆಯ ಅವಿಮುಕ್ತೇಶ್ವರನ ತೇರಿಗೆ, ನೆಲಮಂಗಲದ ಶಿವಗಂಗೆಗೆ ಸುದ್ದಿಗಾಗಿ ಹೋಗಿದ್ದೇವೆ. ಡೆಸ್ಕಿಗೆ ಒಂದು ಸಲ ಫೋನ್ ಮಾಡಿದಾಗ, ‘ದೂರು ದಾಖಲಾಗಿದೆಯಾ?’ ಎಂದು ಕೇಳಿದರು. ಇರಲಿಲ್ಲ. ಬೀದಿಯಲ್ಲಿ ಜೂಜಾಡಿದರೆ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 87 ಇದೆ. ಮೋಸಕ್ಕೆ ಎಲ್ಲರ ಬಾಯಲ್ಲಿದ್ದ 420 ಹೋಗಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318 ಬಂದಿದೆ. ಕಾಯ್ದೆಗೆ ಕೊರತೆಯಿಲ್ಲ, ದೂರು ಕೊಡುವವರು ಇಲ್ಲ.

‘ಯಾರು ಕೊಡ್ತಾರೆ ಸಾರ್’ ಅಂದರು ಬಂದೋಬಸ್ತಿನಲ್ಲಿದ್ದ ಒಬ್ಬ ಪೊಲೀಸ್. ‘ದುಡ್ಡು ಕಟ್ಟಿದವನೂ ಜೂಜಾಡಿದವನೇ ಅಲ್ವಾ?’

ಹೀಗಾಗಿ ಈ ಮೋಸಗಳು ನಮ್ಮಲ್ಲಿ ಸುದ್ದಿಯಾಗುವುದಿಲ್ಲ, ಹಾಸ್ಯವಾಗುತ್ತವೆ. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಉಂಡೂ ಹೋದ ಕೊಂಡೂ ಹೋದ’ 1992ರ ಸಿನಿಮಾ. ದನದ ಆಸ್ಪತ್ರೆ ಕಟ್ಟಿಸುತ್ತೇನೆ ಎಂದು ಹಳ್ಳಿಗೆ ಬರುವ ಅನಂತನಾಗ್ ಇಡೀ ಊರಿಗೆ ಟೋಪಿ ಹಾಕುತ್ತಾರೆ. ಟೀವಿಯಲ್ಲಿ ಬಂದಾಗ ಊರೆಲ್ಲ ಬಿದ್ದು ಬಿದ್ದು ನಕ್ಕಿತು. ನಾವೂ ನಕ್ಕೆವು. ಅಪ್ಪ ನಡುವೆಯೇ ಎದ್ದು ಹೋದರು.

ಸುಮಾರು 25 ವರ್ಷ ನಮ್ಮ ಎದೆಯಲ್ಲಿ ಒಂದೇ ಮಾತು ಕೂತಿತ್ತು. ಎಡಗಡೆಯದು ಎಂದು ಹೇಳಿದ್ದು ನಾವು. ನಾವು ಹೇಳದಿದ್ದರೆ ಅಪ್ಪ 4,000 ಇಡುತ್ತಿರಲಿಲ್ಲ. ಮಗ್ಗ ಬರುತ್ತಿತ್ತು.

ಹೋದ ಜಾತ್ರೆಗೆ ಮುಂಚೆ, ಜಗಲಿ ಮೇಲೆ ಕೂತಿದ್ದಾಗ, ಆ ಮಾತನ್ನು ಅಪ್ಪನ ಮುಂದೆ ಬಾಯಿಬಿಟ್ಟು ಹೇಳಿಯೇ ಬಿಟ್ಟೆವು. ಅಪ್ಪ ನಮ್ಮ ಮುಖ ನೋಡಿದರು.

‘ನೀನ್ ಹೇಳಿದ್ದು ಆಮೇಲೆ ಕಣೋ. ಅವನು ಮೂಲೆ ಮಡಚಿದಾಗ್ಲೇ ನಾನ್ ನೋಡಿದ್ದೆ. ದುಡ್ಡು ಆಗ್ಲೇ ಕೈಯಾಗಿತ್ತು.’

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದರು. ‘ಅದುಕ್ಕೇ ಯಾರ ಹತ್ರಾನೂ ಹೇಳಕ್ಕಾಗ್ಲಿಲ್ಲ. ಸೋತಿದ್ರೆ ಹೇಳ್ಬೋದಿತ್ತು. ಎಲೆ ಹಾಕೋನಿಗೆ ಗೊತ್ತಿಲ್ಲ, ನನಗೆ ಗೊತ್ತೈತೆ ಅಂತ ದುಡ್ಡಿಟ್ಟೆ. ನಾನೂ ಮೋಸ ಮಾಡಕ್ಕೇ ನಿಂತಿದ್ದೆ.’

ಆ ಪೊಲೀಸ್ ಹೇಳಿದ ಮಾತು ನಮಗೆ ಪೂರ್ತಿ ಅರ್ಥವಾಗಿದ್ದು ಆಗ. ಮೂಲೆ ಮಡಚುವುದು ದುಡ್ಡು ಕೀಳುವುದಕ್ಕೆ ಮಾತ್ರವಲ್ಲ, ದುಡ್ಡು ಕಳೆದುಕೊಂಡವನ ಬಾಯಿ ಕಟ್ಟುವುದಕ್ಕೂ ಹೌದು. ಕಳ್ಳ ಗುಟ್ಟಿನಲ್ಲಿ ಒಂದು ಪಾಲು ಕೊಟ್ಟ ಹಾಗೆ ಮಾಡುತ್ತಾನೆ. ಪಾಲು ತೆಗೆದುಕೊಂಡವನು ಠಾಣೆಗೆ ಹೋಗುವುದಿಲ್ಲ, ಹೆಂಡತಿಯ ಹತ್ತಿರವೂ ಹೇಳುವುದಿಲ್ಲ.

ಒಳಗೆ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ಅಲ್ಲಿಂದಲೇ ಅಂದರು. ‘ಜೇಬುಗಳ್ಳ ಹೊರಗಿಂದ ಕೊಯ್ತಾನೆ. ನಿಮ್ಮಪ್ಪನ ಜೇಬು ಒಳಗಿಂದ ಕೊಯ್ದಿತ್ತು. ನೂಲು ಹೊರಗಡೆ ಬಂದಿತ್ತು.’

ಅಪ್ಪ ತಲೆ ತಗ್ಗಿಸಿದರು. ಹಗಲೆಲ್ಲ ಎಳೆ ನೋಡಿ ಕಂಡಿಕೆ ಸುತ್ತಿದ ಕೈ ಅದು. ಅವತ್ತು ರಾತ್ರಿ ಸೂಜಿ ಹಿಡಿದಾಗಲೇ ಅಮ್ಮನಿಗೆ ಗೊತ್ತಾಗಿತ್ತು.

ಯಾರು ತೋರಿಸಿದ ಗುರುತು

ದಮಯಂತಿಯ ಕಥೆಯನ್ನು ನಾವು ಈಗ ಬೇರೆ ಥರ ಓದುತ್ತೇವೆ. ಅವಳು ಗೆದ್ದಿದ್ದು ಕಣ್ಣು ಚುರುಕಾಗಿದ್ದಕ್ಕಲ್ಲ. ಎದುರಿಗಿದ್ದವರು ದೇವತೆಗಳು, ಬೇಡಿಕೊಂಡಾಗ ಕರಗಿದರು, ತಮ್ಮ ಗುರುತು ತಾವೇ ತೋರಿಸಿಕೊಟ್ಟರು. ರಟ್ಟಿನ ಡಬ್ಬದವನೂ ಗುರುತು ತೋರಿಸಿದ. ಆದರೆ ಅದು ಅವನೇ ಮಾಡಿಟ್ಟ ಗುರುತು. ಅಪ್ಪ ಕರುವಿನ ಸುಳಿಯನ್ನು ತಾವೇ ಹುಡುಕಿದ್ದರು. ರಾಣಿಯ ಮೂಲೆಯನ್ನು ಬೇರೆಯವನು ಕಣ್ಣು ಹೊಡೆದು ತೋರಿಸಿದ್ದ. ಅಷ್ಟೇ ವ್ಯತ್ಯಾಸ. ನಮಗೆ ತಿಳಿಯದೆ ಹೋದದ್ದೂ ಅಷ್ಟೇ.

ಈಗ ನಿಮ್ಮ ಕೈಯಲ್ಲಿರುವ ಮೊಬೈಲಿಗೆ ಬನ್ನಿ. ಬಟ್ಟಲು ತಿರುಗಿಸುವ ರೀಲ್ಸ್ ನೋಡಿ ನಗುವುದಕ್ಕೆ ಅಡ್ಡಿಯಿಲ್ಲ. ದುಡ್ಡು ಕಟ್ಟಿಸುವ ಆ್ಯಪ್ ಆದರೆ ನೆನಪಿರಲಿ, ಅಲ್ಲಿ ಬಟ್ಟಲೂ ಇಲ್ಲ, ಗೋಲಿಯೂ ಇಲ್ಲ. ಯಾವುದನ್ನು ಎತ್ತಿದರೆ ಏನು ಕಾಣಬೇಕು ಎಂದು ಆ ಕಡೆಯವರೇ ಬರೆದಿಟ್ಟಿರಬಹುದು. ಮೊದಲ 100 ರೂಪಾಯಿ ನಮ್ಮ ಅಪ್ಪನಿಗೂ ಕೊಟ್ಟಿದ್ದರು.

ಬ್ಯಾಂಕಿನ ಲೋಗೊ ಹಾಕಿದ ಮೆಸೇಜು, ಖಾಕಿ ಡ್ರೆಸ್ಸಿನ ಡಿಪಿ, ಸೀಲು ಒತ್ತಿದ ನೋಟಿಸ್, ನೆಂಟರ ಫೋಟೊ ಹಾಕಿಕೊಂಡು ‘ಅರ್ಜೆಂಟ್ 5,000 ಕಳಿಸು’ ಅನ್ನುವ ಹೊಸ ನಂಬರು, ಇವೆಲ್ಲ ಮಡಚಿದ ಮೂಲೆಗಳೇ. ದೇವನಹಳ್ಳಿ ಕಡೆ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಜಮೀನಿನ ಬೆಲೆ ಏರಿತು. ‘ಈ ಸರ್ವೆ ನಂಬರಿನ ಒಳಗಿನ ಸಮಾಚಾರ ನನಗೆ ಮಾತ್ರ ಗೊತ್ತು, ಬೇಗ ಅಡ್ವಾನ್ಸ್ ಹಾಕಿ’ ಎಂದು ಕಿವಿಯಲ್ಲಿ ಹೇಳುವವರು ಟೀ ಅಂಗಡಿಗಳಲ್ಲಿ ಸಿಗುತ್ತಾರೆ. ಅಂಥವರು ಸಿಕ್ಕಾಗೆಲ್ಲ ನಮಗೆ ಕೆಂಪು ಸ್ವೆಟರ್ ನೆನಪಾಗುತ್ತದೆ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಗಾದೆ. ಪ್ರಮಾಣಿಸುವುದು ಅಂದರೆ ಸುಲಭ. ನೆಂಟರ ಹಳೇ ನಂಬರಿಗೆ ಫೋನ್ ಮಾಡಿ. ಬ್ಯಾಂಕಿಗೆ ನೀವೇ ನಡೆದು ಹೋಗಿ. ಪಹಣಿಯನ್ನು ಮಾರುವವನ ಕೈಯಿಂದ ಇಸಿದುಕೊಳ್ಳಬೇಡಿ, ನಾಡಕಚೇರಿಯಲ್ಲಿ ನೀವೇ ತೆಗೆಸಿ. ಮೊಬೈಲಿನಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ, ಜಾತ್ರೆಯಲ್ಲಿ ಡಬ್ಬ ಕಂಡರೆ 112ಕ್ಕೆ ಕರೆ ಮಾಡಿ. ದುಡ್ಡು ಹೋದವರು ನಿಮ್ಮ ಮನೆಯವರಾದರೆ, ‘ನಿನ್ನ ಆಸೆಗೆ ಹಾಗಾಯ್ತು’ ಅನ್ನುವ ಮುಂಚೆ ಒಂದು ಗಳಿಗೆ ತಡೆಯಿರಿ. ಅವರಾಗಲೇ ಅದನ್ನು ತಮಗೆ ತಾವೇ ಹೇಳಿಕೊಂಡಿರುತ್ತಾರೆ.

ಈ ಸಲವೂ ಅಪ್ಪನ ಜೊತೆ ಘಾಟಿಗೆ ಹೋಗಿದ್ದೆವು. ಈಗ ಮನೆಯಲ್ಲಿ ದನ ಇಲ್ಲ, ಸುಮ್ಮನೆ ನೋಡಲಿಕ್ಕೆ. ಗೊತ್ತಿದ್ದವರೊಬ್ಬರು ಒಂದು ಜೋಡಿಗೆ ಬೆಲೆ ಕಟ್ಟಿಕೊಡಿ ಎಂದು ಅಪ್ಪನನ್ನು ಎಳೆದುಕೊಂಡು ಹೋದರು. ಅಪ್ಪ ಹಲ್ಲು ನೋಡಿದರು, ಸುಳಿ ನೋಡಿದರು, ಟವೆಲ್ ಕೆಳಗೆ ಕೈ ಕೊಟ್ಟರು. ಒಳಗೆ ಬೆರಳು ಏನು ಹೇಳಿತೋ ನಮಗೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ನಕ್ಕು ಟವೆಲ್ ತೆಗೆದರು. ನಾವು ಎತ್ತಿನ ಫೋಟೊ ತೆಗೆದು ಡೆಸ್ಕಿಗೆ ಕಳಿಸಿದೆವು. ರೇಟು ಕೇಳಿದ್ದಕ್ಕೆ ಅಪ್ಪ, ‘ಅದು ಅವರಿಬ್ಬರದು, ನಿನಗ್ಯಾಕೆ’ ಅಂದರು.